ಅಟ್ಟದಿಂದ ಇಳಿದ ಏರ್‌ಗನ್

ಜಾತ್ರೆಯ ಬಲೂನ್ ಅಂಗಡಿಯ ಮುಂದೆ ನಿಂತು ಒಮ್ಮೆಯಾದರೂ ಏರ್‌ಗನ್ನನ್ನು ಭುಜಕ್ಕೆ ಆನಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದೇ ಜಾತಿಯ ಬಂದೂಕು ಮನೆಯ ಅಟ್ಟದಲ್ಲೂ ಇದ್ದೀತು ಎಂಬುದು ನೆನಪಾಗುವುದು ಮನೆ ಖಾಲಿ ಮಾಡುವಾಗ. ಠಾಣೆ, ಡೊಂಬಿವಲಿ, ಕಲ್ಯಾಣಗಳ ಹಳೆಯ ಕಟ್ಟಡಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಅಟ್ಟದ ಸಾಮಾನು ಕೆಳಗಿಳಿಯುತ್ತಿದೆ. ಗೋಣಿಯಲ್ಲಿ ಸುತ್ತಿಟ್ಟ ಅಜ್ಜನ ಏರ್‌ಗನ್ ಸಿಕ್ಕಿತು ಅನ್ನಿ. ಅದರ ಮುಂದೆ ಸಾಮಾನ್ಯವಾಗಿ ಎರಡೇ ದಾರಿ: ಒಂದೋ ಗುಜರಿ, ಇಲ್ಲವೇ ಹೊಳೆಯುವಂತೆ ಉಜ್ಜಿಸಿ ಗೋಡೆಗೆ ನೇತುಹಾಕುವುದು. ಎರಡರಲ್ಲೂ ಒಂದು ಇತಿಹಾಸ ಅಳಿಸಿಹೋಗುತ್ತದೆ.

ಈ ಬಂದೂಕಿಗೆ ಮದ್ದು ಬೇಡ. ನಳಿಗೆಯನ್ನು ಮಡಚಿದಾಗ ಪಿಸ್ಟನ್ ಹಿಂದಕ್ಕೆ ಸರಿದು, ದಪ್ಪ ಸುರುಳಿ ಸ್ಪ್ರಿಂಗ್ ಕುಗ್ಗಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ಚಿಮ್ಮುತ್ತದೆ, ಅದರ ಮುಂದಿನ ಗಾಳಿ ಒತ್ತಿಕೊಂಡು ಪೆಲೆಟ್ಟನ್ನು ಹೊರದೂಡುತ್ತದೆ. ಈ ತತ್ವ ಹಳೆಯದೇ. ಆದರೆ ಗುರಿ ತಪ್ಪದ, ಗಟ್ಟಿಮುಟ್ಟಾದ ಆಧುನಿಕ ಏರ್‌ಗನ್ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ 1904ರಲ್ಲಿ ತನ್ನ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಅದನ್ನು ತಯಾರಿಸಿದ್ದು ಅದೇ ಊರಿನ ಬಿಎಸ್‌ಎ ಕಾರ್ಖಾನೆ. ಜರ್ಮನಿಯ ರಾಸ್ಟಾಟ್‌ನಲ್ಲಿ 1890ರಲ್ಲಿ ಶುರುವಾದ ಮೇಯರ್ ಮತ್ತು ಗ್ರಾಮೆಲ್‌ಸ್ಪಾಖರ್ ಕಂಪನಿಯ ‘ಡಯಾನಾ’ ಇದರ ದೊಡ್ಡ ಪ್ರತಿಸ್ಪರ್ಧಿ. ಬಿಲ್ಲನ್ನು ಕೆಳಗೆಸೆದು ಬಂದೂಕನ್ನು ಮೇಲಕ್ಕೆತ್ತಿ ಹಿಡಿದ ಬೇಟೆದೇವತೆ ಅದರ ಮುದ್ರೆ.

ಆ ಮುದ್ರೆಯಲ್ಲಿ ಒಂದು ಯುದ್ಧದ ಕತೆಯೂ ಇದೆ. ಎರಡನೇ ಮಹಾಯುದ್ಧದ ನಂತರ ಡಯಾನಾದ ಹೆಸರೂ ಯಂತ್ರಗಳೂ ಬ್ರಿಟನ್ನಿನ ಮಿಲ್‌ಬ್ರೋ ಕಂಪನಿಯ ಪಾಲಾದವು. ಸ್ಕಾಟ್ಲೆಂಡಿನ ಮದರ್‌ವೆಲ್‌ನಲ್ಲಿ ಡಯಾನಾ ತಯಾರಾಗತೊಡಗಿತು. ಮೂಲ ಜರ್ಮನ್ ಕಾರ್ಖಾನೆ ಬ್ರಿಟನ್ನಿನಲ್ಲಿ ತನ್ನ ಮಾಲನ್ನು ತನ್ನದೇ ಹೆಸರಿನಲ್ಲಿ ಮಾರುವಂತಿರಲಿಲ್ಲ. ‘ಒರಿಜಿನಲ್’ ಎಂದು ಕೆತ್ತಿ ಮಾರಿತು. ಲೋಹದ ಮೇಲಿನ ಒಂದು ಪದ, ಬಂದೂಕು ಗೆದ್ದವರ ಕಾರ್ಖಾನೆಯದೋ ಸೋತವರದೋ ಎಂದು ಹೇಳಿಬಿಡುತ್ತದೆ. ಯುದ್ಧಾನಂತರದ ಎಷ್ಟೋ ಜರ್ಮನ್ ಡಯಾನಾಗಳ ಮೈಮೇಲೆ ತಯಾರಾದ ತಿಂಗಳು, ವರ್ಷಗಳ ಸಣ್ಣ ಅಂಕೆಗಳೂ ಇರುತ್ತವೆ.

ನಮ್ಮ ಕಡೆಯ ಕತೆ ಇನ್ನೂ ಸ್ವಾರಸ್ಯದ್ದು. 1926ರಲ್ಲಿ ಸೊಲ್ಲಾಪುರದ ವಾಲ್‌ಚಂದ್ ಹಿರಾಚಂದ್ ಮುಂಬೈಯಲ್ಲಿ ಇಂಡಿಯನ್ ಹ್ಯೂಮ್ ಪೈಪ್ ಕಂಪನಿ ಕಟ್ಟಿದರು. ಅದರ ಕಸುಬು ಕಾಂಕ್ರೀಟ್ ಕೊಳವೆ. 1940ರಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದವರೂ ಇವರೇ. ಈ ಕೊಳವೆ ಕಂಪನಿ ಮುಂದೆ ಏರ್‌ಗನ್ನುಗಳನ್ನೂ ತಯಾರಿಸಿತು. ‘ಐಎಚ್‌ಪಿ 35’ ಎಂಬುದು ಡಯಾನಾ 35ರ ಅಚ್ಚಿನಲ್ಲಿ ಮೂಡಿದ ದೇಸಿ ಬಂದೂಕು. ನಿಮ್ಮ ಅಟ್ಟದಲ್ಲಿರುವುದು ಇದೇ ಆಗಿದ್ದರೆ ‘ವಿದೇಶಿಯಲ್ಲ’ ಎಂದು ಮೂಗು ಮುರಿಯಬೇಡಿ. ಸ್ವದೇಶಿ ಕೈಗಾರಿಕೆಯ ಒಂದು ಪುಟ ಅದು. ಆ ಪುಟ ಇನ್ನೂ ಮುಗಿದಿಲ್ಲ: ಆಳದ ರಂಧ್ರ ಕೊರೆಯುವ ಯಂತ್ರಗಳನ್ನು ಮಾಡುತ್ತಿದ್ದ ಠಾಣೆ ಜಿಲ್ಲೆಯ ಪ್ರೆಸಿಹೋಲ್ ಈಗ ಏರ್‌ರೈಫಲ್‌ಗಳಿಗೂ ಹೆಸರಾಗಿದೆ.

ಇನ್ನು ದುರಸ್ತಿ. ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಪ್ರದೇಶದಲ್ಲಿ ದಶಕಗಟ್ಟಲೆ ಕೂತ ಉಕ್ಕಿಗೆ ತುಕ್ಕು ಸಹಜ. ಆದರೆ ಮೊದಲು ಸಾಯುವುದು ಉಕ್ಕಲ್ಲ, ಚರ್ಮ. ಹಳೆಯ ಏರ್‌ಗನ್ನುಗಳಲ್ಲಿ ಪಿಸ್ಟನ್ನಿನ ತುದಿಗೆ ಬಟ್ಟಲಿನಾಕಾರದ ಚರ್ಮದ ವಾಷರ್ ಇರುತ್ತದೆ. ಎಣ್ಣೆ ಆರಿದರೆ ಅದು ಸೆಟೆದು ಕುಗ್ಗುತ್ತದೆ, ಗಾಳಿ ಪಕ್ಕದಿಂದ ಸೋರುತ್ತದೆ. ಒತ್ತಿದ ಗಾಳಿಯೇ ಪಿಸ್ಟನ್ನಿಗೆ ಮೆತ್ತೆ. ಅದಿಲ್ಲದಿದ್ದರೆ ಪಿಸ್ಟನ್ ಲೋಹಕ್ಕೆ ಲೋಹವಾಗಿ ಬಡಿಯುತ್ತದೆ. ಪೆಲೆಟ್ ಇಲ್ಲದೆ ಹಾರಿಸಬಾರದು ಎನ್ನುವುದೂ ಇದಕ್ಕೇ.

ಆದ್ದರಿಂದ ಅಟ್ಟದಿಂದ ಇಳಿಸಿದೊಡನೆ ‘ನಡೆಯುತ್ತದೆಯೇ ನೋಡೋಣ’ ಎಂದು ಟ್ರಿಗರ್ ಎಳೆಯಬೇಡಿ. ಅದು ತುಂಬಿಯೇ ಇದೆ, ಸ್ಪ್ರಿಂಗ್ ಎಳೆದೇ ಇದೆ ಎಂದು ಎಣಿಸಿ ಮುಟ್ಟಿ. ಚರ್ಮಕ್ಕೆ ಸೂಕ್ತ ಎಣ್ಣೆಯನ್ನು ಒಂದೆರಡು ಹನಿ ಬಿಟ್ಟು ನೆನೆಯಲು ದಿನಗಟ್ಟಲೆ ಸಮಯ ಕೊಡಿ. ಮನೆಯಲ್ಲಿದ್ದ ಯಂತ್ರದೆಣ್ಣೆ ಸುರಿದರೆ ಒತ್ತಡದ ಬಿಸಿಗೆ ಅದು ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿ ಸಿಡಿಯಬಹುದು. ಒಳಗಿನ ಸ್ಪ್ರಿಂಗ್ ವಿಶ್ರಾಂತಿಯಲ್ಲೂ ಒತ್ತಿಕೊಂಡೇ ಇರುತ್ತದೆ. ಬಿಗಿಹಿಡಿಯುವ ಕ್ಲ್ಯಾಂಪ್ ಇಲ್ಲದೆ ಹಿಂಬದಿಯ ಪಿನ್ನು ತೆಗೆದರೆ ಮುಖಕ್ಕೇ ಬಡಿದೀತು. ಅದು ಬಲ್ಲವರ ಕೆಲಸ.

ವಾಷರ್, ಸ್ಪ್ರಿಂಗ್, ನಳಿಗೆ ಕೂಡುವಲ್ಲಿನ ಸೀಲ್, ಇವು ಸವೆಯಲೆಂದೇ ಹುಟ್ಟಿದವು. ನಿಸ್ಸಂಕೋಚವಾಗಿ ಬದಲಾಯಿಸಿ. ತೆಗೆದದ್ದನ್ನು ಎಸೆಯದೆ, ಚೀಟಿ ಹಚ್ಚಿ ಎತ್ತಿಡಿ. ಹೊರಮೈಯ ಲೆಕ್ಕವೇ ಬೇರೆ. ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಮೃದುವಾಗಿ ಒರೆಸಿದರೆ ಸಾಕು. ಮರಳುಕಾಗದ ಹಾಕಿ ಬಫಿಂಗ್ ಚಕ್ರಕ್ಕೆ ಹಿಡಿದರೆ ಮುದ್ರೆ, ಅಂಕೆ, ಹಳೆಯ ಕಡುನೀಲಿ ಲೇಪ ಎಲ್ಲವೂ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಮರದ ಹಿಡಿಯ ಮೇಲೆ ಯಾರೋ ಚಾಕುವಿನಿಂದ ಕೊರೆದ ಹೆಸರು, ಕೆನ್ನೆ ತಾಗಿ ಸವೆದ ಜಾಗ, ಇವೂ ದಾಖಲೆಗಳೇ. ಸವೆದ ಭಾಗಕ್ಕೆ ಬದಲಿ ಸಿಕ್ಕೀತು, ಅಳಿಸಿದ ಅಕ್ಷರಕ್ಕೆ ಸಿಗದು.

ಕಾನೂನನ್ನೂ ಮರೆಯುವಂತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 4.5 ಮಿ.ಮೀ. ಮೀರಿದ, ಅಥವಾ ಶಕ್ತಿ 20 ಜೌಲ್ ದಾಟಿದ ಏರ್‌ಗನ್ನಿಗೆ ಪರವಾನಗಿ ಬೇಕು. ಹಳೆಯ ಬಂದೂಕುಗಳಲ್ಲಿ 5.5 ಮಿ.ಮೀ. ನಳಿಗೆಯವೂ ಇವೆ. ಆದ್ದರಿಂದ ದುರಸ್ತಿಗೆ ಮೊದಲೇ ಅಳತೆ ನೋಡಿಸಿ. ಇನ್ನು 1972ರ ವನ್ಯಜೀವಿ ಕಾಯ್ದೆಯ ನಂತರ ಹಕ್ಕಿಗಳಿಗೆ ಗುರಿಯಿಡುವ ಕಾಲ ಮುಗಿದಿದೆ.

ಆ ಕಾಲದ ಅತ್ಯಂತ ಪ್ರಸಿದ್ಧ ಹೊಡೆತ ಬಿದ್ದದ್ದು ಮುಂಬೈಯಲ್ಲೇ. ಖೇತವಾಡಿಯಲ್ಲಿ ಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗನೊಬ್ಬ ಆಟದ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಕೆಡವಿದ. ಅದರ ಗಂಟಲಲ್ಲಿ ಹಳದಿ ಕಲೆಯಿತ್ತು. ಇದ್ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದವನನ್ನು ಅಲ್ಲಿನ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಕೂರಿಸಿಕೊಂಡು ಸಂಗ್ರಹವನ್ನೇ ತೆರೆದು ತೋರಿಸಿದರು. ಆ ಹುಡುಗ ಸಲೀಂ ಅಲಿ. ಇಂದು ನವಿ ಮುಂಬೈಯ ಅಂಚಿನ ಠಾಣೆ ಖಾರಿಯಲ್ಲಿ ಫ್ಲೆಮಿಂಗೊಗಳಿಗೆಂದೇ ಅಭಯಾರಣ್ಯವಿದೆ, 2022ರಿಂದ ಅದು ರಾಮ್ಸರ್ ತಾಣವೂ ಹೌದು.

ದುರಸ್ತಿಯಾದ ಹಳೆಯ ಏರ್‌ಗನ್ ಇನ್ನು ಕಾಗದದ ಗುರಿಗೆ ಮಾತ್ರ. ಅದರ ಮೈಮೇಲಿನ ಮುದ್ರೆ, ಅಂಕೆಗಳನ್ನು ಮಕ್ಕಳಿಗೆ ಓದಿ ಹೇಳಿ. ಆ ಕೆಲಸಕ್ಕೆ ಪೆಲೆಟ್ಟೂ ಬೇಡ.