ಅವಳು ನಿನಗೇನಾಗಬೇಕು? ಬೀದಿಯ ಹೊಡೆತ ಮತ್ತು ನೋಡುತ್ತ ನಿಲ್ಲುವವರ ಕುರಿತು ಒಂದು ಟಿಪ್ಪಣಿ

ಭಟ್ಕಳ ಪಟ್ಟಣಕ್ಕೆ ಅಂಟಿಕೊಂಡ ಹೆಬಳೆಯಲ್ಲೋ, ಹೊನ್ನಾವರ ಕುಮಟಾದ ಯಾವುದಾದರೂ ಬಸ್ ನಿಲ್ದಾಣದಲ್ಲೋ ಒಬ್ಬ ಗಂಡಸು ಹೆಂಗಸೊಬ್ಬಳ ಕೆನ್ನೆಗೆ ಹೊಡೆದನೆಂದು ಇಟ್ಟುಕೊಳ್ಳೋಣ. ಸುತ್ತ ಹತ್ತಾರು ಜನ ಇದ್ದಾರೆ. ಹೊಡೆದವನು ಸರ ಕೀಳಲು ಬಂದ ಕಳ್ಳನಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯಲು ಇವರು ತಡ ಮಾಡುತ್ತಿರಲಿಲ್ಲ. ಹೆದ್ದಾರಿ 66ರಲ್ಲಿ ಬೈಕು ಮಗುಚಿದರೆ ಕೆಲಸ ಬಿಟ್ಟು ಓಡಿಬರುವವರೂ ಇವರೇ. ಆದರೆ "ನನ್ನ ಹೆಂಡ್ತಿ, ನಿಂಗೆಂತ?" ಎಂದು ಅವನು ಒಂದು ಮಾತು ಆಡಿದರೆ ಸಾಕು, ಮುಂದಿಟ್ಟ ಕಾಲು ಹಿಂದೆ ಸರಿಯುತ್ತದೆ. ಇದನ್ನು ಹೇಡಿತನ ಎಂದು ಕರೆದು ಮುಗಿಸಿಬಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮಲ್ಲಿ ಪೆಟ್ಟನ್ನು ತೂಗುವ ಮೊದಲು ಸಂಬಂಧವನ್ನು ತೂಗುತ್ತಾರೆ, ಕಾಲು ಸರಿಯುವುದು ಅಲ್ಲಿಂದ ಎಂಬುದು ಈ ಟಿಪ್ಪಣಿಯ ವಾದ.

ಇದಕ್ಕೆ ಹಳೆಯ ಒಂದು ಪ್ರಯೋಗದ ಆಧಾರವಿದೆ. ಅಮೆರಿಕದ ಲ್ಯಾನ್ಸ್ ಶಾಟ್‌ಲ್ಯಾಂಡ್ ಮತ್ತು ಮಾರ್ಗ್ರೆಟ್ ಸ್ಟ್ರಾ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡು ಹೆಣ್ಣಿನ ನಡುವೆ ಹೊಡೆದಾಟದ ನಾಟಕವಾಡಿಸಿ, ಹತ್ತಿರದಲ್ಲಿದ್ದವರು ಏನು ಮಾಡುತ್ತಾರೆಂದು ನೋಡಿದರು. ಜಗಳ ಅದೇ, ಕಿರುಚಾಟ ಅದೇ. ಬದಲಾದದ್ದು ಹೆಂಗಸು ಕೂಗಿ ಹೇಳುವ ಒಂದು ವಾಕ್ಯ ಮಾತ್ರ. "ನೀನು ಯಾರೆಂದೇ ನನಗೆ ಗೊತ್ತಿಲ್ಲ" ಎಂದು ಅವಳು ಕೂಗಿದಾಗ ಶೇ. 65ರಷ್ಟು ಮಂದಿ ಮಧ್ಯೆ ಬಂದರು. "ನಿನ್ನನ್ನು ಯಾಕಾದರೂ ಮದುವೆಯಾದೆನೋ" ಎಂದಾಗ ಬಂದವರು ಶೇ. 19 ಮಾತ್ರ. ಇಬ್ಬರ ಸಂಬಂಧ ಏನೆಂದು ತಿಳಿಯದಿದ್ದಾಗ ನೋಡಿದವರಲ್ಲಿ ಹೆಚ್ಚಿನವರು ಅವರನ್ನು ಗಂಡ ಹೆಂಡತಿ ಅಥವಾ ಪ್ರೇಮಿಗಳು ಎಂದೇ ಊಹಿಸಿಕೊಂಡರು ಎಂಬುದು ಇನ್ನೂ ಗಾಬರಿ ಹುಟ್ಟಿಸುವ ಸಂಗತಿ. ಅಂದರೆ, ಸುಮ್ಮನಿರಲು ಬೇಕಾದ ಕಾರಣವನ್ನು ಮನಸ್ಸು ತಾನೇ ಒದಗಿಸಿಕೊಳ್ಳುತ್ತದೆ.

ಜನ ಹೆಚ್ಚಿದ್ದಷ್ಟೂ ಯಾರೂ ಮುಂದೆ ಬರುವುದಿಲ್ಲ ಎಂಬ ಮಾತು ನೋಡಿದವರು ಸುಮ್ಮನಿದ್ದರೆಂದು ಸುದ್ದಿಯಾದ 1964ರ ನ್ಯೂಯಾರ್ಕ್‌ನ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯ ನಂತರ ಪಠ್ಯಪುಸ್ತಕಗಳಿಗೆ ಸೇರಿತು. ಆದರೆ ಆಮ್‌ಸ್ಟರ್‌ಡ್ಯಾಂ, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಬೀದಿ ಜಗಳಗಳ 219 ಸಿಸಿಟಿವಿ ದೃಶ್ಯಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಕನಿಷ್ಠ ಒಬ್ಬನಾದರೂ ಏನಾದರೂ ಮಾಡಿದ್ದು ಕಂಡಿತು. ಆದ್ದರಿಂದ ಗುಂಪನ್ನೇ ದೂರುವುದು ಸರಿಯಲ್ಲ. ಗುಂಪಿನ ತಲೆಯಲ್ಲಿರುವ ನ್ಯಾಯವನ್ನು ನೋಡಬೇಕು.

ಕರ್ನಾಟಕದಲ್ಲಿ ಆ ನ್ಯಾಯ ಏನೆಂದು ಊಹಿಸುವ ಅಗತ್ಯವಿಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳಿತ್ತು. ಅಡುಗೆ ಸರಿಯಾಗಿ ಮಾಡದಿರುವುದು, ಹೇಳದೆ ಹೊರಗೆ ಹೋಗುವುದು, ಅತ್ತೆ ಮಾವನಿಗೆ ಮರ್ಯಾದೆ ಕೊಡದಿರುವುದು ಅಂಥ ಕಾರಣಗಳು. ಒಂದಕ್ಕಾದರೂ ಸರಿ ಎಂದವರು ನಮ್ಮ ರಾಜ್ಯದಲ್ಲಿ ಗಂಡಸರಲ್ಲಿ ಶೇ. 81.9, ಹೆಂಗಸರಲ್ಲಿ ಶೇ. 76.9. ಅದೇ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ದೇಶದ ಸರಾಸರಿ ಶೇ. 29.3. ನಿಲ್ದಾಣದಲ್ಲಿ ನಿಂತವರು ಈ ಸಮೀಕ್ಷೆಯ ಹೊರಗಿನವರಲ್ಲ. ಹೊಡೆತ ಬಿದ್ದ ಕೂಡಲೇ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ "ಅವಳು ಎಂತ ಮಾಡಿದ್ಲೋ?" ಎಂಬುದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಆ ಪ್ರಶ್ನೆಗೆ ಹೊದಿಕೆಯಾಗುತ್ತದೆ. ಉಂಡು ಮಲಗಿದ ಮೇಲೆ ಆ ಮನೆಯಲ್ಲಿ ಏನಾಯಿತೆಂದು ಗಾದೆ ಹೇಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ತಿರುಗುಮುರುಗಾದ ರೂಪವೂ ಇದೆ. ಇಲ್ಲಿ ಅಪರಿಚಿತರು ಮಧ್ಯೆ ಬರುವುದೇ ಇಲ್ಲ ಎನ್ನುವಂತಿಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್‌ಗೆ ನುಗ್ಗಿ ಯುವತಿಯರನ್ನು ಅಟ್ಟಾಡಿಸಿ ಹೊಡೆದವರು, 2012ರ ಜುಲೈಯಲ್ಲಿ ಅದೇ ನಗರದ ಪಡೀಲಿನ ಹೋಂಸ್ಟೇಗೆ ಹಾಗೆಯೇ ನುಗ್ಗಿ ಹೊಡೆದವರು ಯಾರ ಮನೆಯ ನೆಂಟರೂ ಆಗಿರಲಿಲ್ಲ. ಬಸ್ಸಿನಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಅಕ್ಕಪಕ್ಕ ಕುಳಿತರೆ ಎಬ್ಬಿಸಿ ಹೆಸರು ಕೇಳುವವರೂ ಇದ್ದಾರೆ. ಯಾರಿಗೂ ನೋವಾಗದ ಕಡೆ "ಅವಳು ನಿನಗೇನಾಗಬೇಕು?" ಎಂದು ಕೇಳಿ ಹೊಡೆಯುತ್ತಾರೆ. ಕಣ್ಣೆದುರೇ ಹೊಡೆತ ಬೀಳುವಲ್ಲಿ ಅದೇ ಪ್ರಶ್ನೆಗೆ "ಹೆಂಡತಿ" ಎಂಬ ಉತ್ತರ ಸಿಕ್ಕರೆ ಕೈಕಟ್ಟಿ ನಿಲ್ಲುತ್ತಾರೆ. ಎರಡೂ ಕಡೆ ವಿಚಾರಣೆಯಾಗುವುದು ಸಂಬಂಧದ್ದು. ಹೆಂಗಸಿನ ಮೈಗೆ ಏನಾಯಿತು ಎಂಬುದು ಎರಡೂ ಕಡೆ ಲೆಕ್ಕಕ್ಕಿಲ್ಲ. ಅನೈತಿಕ ಪೊಲೀಸ್‌ಗಿರಿಯನ್ನೂ ಬೀದಿಯ ಮೌನವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುವ ನಮ್ಮ ರೂಢಿ ತಪ್ಪೆಂದು ನಾನು ತಿಳಿಯುವುದು ಇದಕ್ಕೇ.

ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯ ಪ್ರಕರಣವನ್ನೂ ಈ ಬೆಳಕಿನಲ್ಲಿ ನೋಡಬಹುದು. 2023ರ ಡಿಸೆಂಬರ್‌ನಲ್ಲಿ, ಮಗ ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟ ಕಾರಣಕ್ಕೆ ಹುಡುಗಿಯ ಕಡೆಯವರು ಅವನ ತಾಯಿಯನ್ನು ಮನೆಯಿಂದ ಎಳೆದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿ, ಕಂಬಕ್ಕೆ ಕಟ್ಟಿ ಹೊಡೆದರು. ಜನ ನೋಡುತ್ತ ನಿಂತಿದ್ದರು. ತಡೆಯಲು ಹೋದ ಒಬ್ಬರಿಗೂ ಪೆಟ್ಟು ಬಿತ್ತು. ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡ ಕರ್ನಾಟಕ ಹೈಕೋರ್ಟ್ ನೋಡುತ್ತ ನಿಂತವರ ಸಾಮೂಹಿಕ ಹೇಡಿತನವನ್ನು ಖಂಡಿಸಿತು. ಬ್ರಿಟಿಷ್ ಆಡಳಿತಗಾರ ವಿಲಿಯಂ ಬೆಂಟಿಂಕ್ ಕಾಲದಲ್ಲಿ ಊರಿಗೆ ಊರೇ ತೆರಬೇಕಾಗಿದ್ದ ಪುಂಡಗಂದಾಯವೆಂಬ ದಂಡವನ್ನು ನೆನಪಿಸಿತು. ಆ ಸಿಟ್ಟು ನನ್ನದೂ ಹೌದು. ಆದರೂ ದಂಡ ಹಾಕುವುದು ಹೆದರಿಕೆಗೆ ಮದ್ದಾದೀತೇ ಹೊರತು, ಇದು ಎರಡು ಮನೆಗಳ ಮರ್ಯಾದೆಯ ವ್ಯವಹಾರ, ನಾವು ಹೊರಗಿನವರು ಎಂಬ ತೀರ್ಮಾನಕ್ಕೆ ಮದ್ದಾಗಲಾರದು.

ಕಾನೂನು ಮಾತ್ರ ಈ ತೀರ್ಮಾನವನ್ನು ಎಂದೋ ಕೈಬಿಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 35ನೇ ಕಲಂ (ಹಳೆಯ ದಂಡ ಸಂಹಿತೆಯಲ್ಲಿ 97) ತನ್ನ ಮೈಯನ್ನು ಮಾತ್ರವಲ್ಲ, ಬೇರೆ ಯಾರದೇ ಮೈಯನ್ನೂ ಹಲ್ಲೆಯಿಂದ ಕಾಪಾಡುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಡುತ್ತದೆ. ಹೊಡೆಯುವವನು ಅವಳಿಗೆ ಏನಾಗಬೇಕು ಎಂದು ಆ ಕಲಂ ಕೇಳುವುದಿಲ್ಲ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾವುದೇ ವ್ಯಕ್ತಿ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು ಎನ್ನುತ್ತದೆ ಅದರ 4ನೇ ಕಲಂ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಹೊಣೆಯೂ ಬೀಳದು, ಕ್ರಿಮಿನಲ್ ಹೊಣೆಯೂ ಬೀಳದು. ಮಾಹಿತಿ ಬಾಯಿಮಾತಿನದಾದರೆ ಅಧಿಕಾರಿಯೇ ಬರೆದುಕೊಂಡು ಸಹಿ ಪಡೆಯಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ತುರ್ತು ಸಂದರ್ಭದಲ್ಲಿ ಒಂದು ದೂರವಾಣಿ ಕರೆ ಬಂದರೂ ಸಾಕು, ಅಧಿಕಾರಿ ಪೊಲೀಸರನ್ನು ಕರೆದುಕೊಂಡು ಸ್ಥಳಕ್ಕೆ ಹೋಗಬೇಕು ಎಂದು 2006ರ ನಿಯಮಗಳು ವಿಧಿಸುತ್ತವೆ. ಕರ್ನಾಟಕದಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲಿದೆ. ಅಂಗನವಾಡಿಯ ಮೇಲ್ವಿಚಾರಣೆ ಮಾಡುವ ಅಧಿಕಾರಿಯೇ ರಕ್ಷಣಾಧಿಕಾರಿ. ಜಿಲ್ಲಾ ಕೇಂದ್ರ ಕಾರವಾರ ಭಟ್ಕಳದಿಂದ ಸುಮಾರು 130 ಕಿ.ಮೀ. ದೂರ ಇರುವಾಗ ಇದು ಸಣ್ಣ ಅನುಕೂಲವಲ್ಲ. ಹೆಬಳೆಯ ಅಂಗನವಾಡಿ ಕಾರ್ಯಕರ್ತೆಗೆ ಹೇಳಿದ ಮಾತು ತಾಲ್ಲೂಕಿನಲ್ಲೇ ಇರುವ ಆ ಅಧಿಕಾರಿಗೆ ತಲುಪಲು ದಾರಿ ಇದೆ.

ಹಾಗಾದರೆ ಆ ನಿಲ್ದಾಣದಲ್ಲಿ ನಿಂತವನು ಆ ಗಳಿಗೆಯಲ್ಲಿ ಏನು ಮಾಡಬೇಕು? ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ ಆರಂಭಿಸಿದ, ಕರ್ನಾಟಕದಲ್ಲೂ ವಿಡಿಯೋ ವ್ಯಾನ್‌ಗಳಲ್ಲಿ ಸುತ್ತಿದ "ಬೆಲ್ ಬಜಾವೋ" ಪ್ರಚಾರ ಇದಕ್ಕೆ ಒಳ್ಳೆಯ ಸುಳಿವು ಕೊಟ್ಟಿತ್ತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದಾಗ ಕರೆಗಂಟೆ ಒತ್ತಿ, ಒಂದಿಷ್ಟು ಹಾಲು ಬೇಕಿತ್ತು ಎಂದು ಕೇಳುವುದು. ನ್ಯಾಯ ಹೇಳಲು ಹೋಗದೆ ಹೊಡೆತವನ್ನು ತುಂಡರಿಸುವ ಉಪಾಯ ಅದು. ಬೀದಿಯಲ್ಲಿ ಅದರ ರೂಪ ಇನ್ನೂ ಸರಳ: ಅವನನ್ನು ಬಿಟ್ಟು ಅವಳನ್ನು ಮಾತಾಡಿಸುವುದು. "ಅಕ್ಕಾ, ಎಂತ ಆಯ್ತು? ನೀರು ಬೇಕಾ? ಇಲ್ಲಿ ಕೂತ್ಕೊಳ್ಳಿ." ಗಂಡನ ಮೇಲೆ ಕೈ ಮಾಡಿ ಊರೆದುರು ಅವನ ಮುಖಭಂಗ ಮಾಡಿದರೆ ಅದರ ಸೇಡು ರಾತ್ರಿ ಅವಳ ಮೇಲೇ ತೀರಬಹುದು. ಹೊಡೆತ ನಿಲ್ಲದಿದ್ದರೆ ಇನ್ನಿಬ್ಬರನ್ನು ಕರೆದು ನಡುವೆ ನಿಲ್ಲಬೇಕು, ಮತ್ತೊಬ್ಬರು 112ಕ್ಕೆ ಕರೆ ಮಾಡಬೇಕು. ಮಹಿಳಾ ಸಹಾಯವಾಣಿ 181 ಎಂಬುದನ್ನು ಅವಳ ಕಿವಿಗೆ ಹಾಕುವುದಾದರೆ ಅವನಿಗೆ ಕೇಳದಂತೆ.

ಭಟ್ಕಳದ ಮಟ್ಟಿಗೆ ಇನ್ನೊಂದು ಮಾತು ಸೇರಿಸಲೇಬೇಕು. 1993ರ ಕೋಮು ಗಲಭೆಯ ನೆನಪು ಇನ್ನೂ ಹೋಗದ ಊರಿದು. ಒಂದು ಸಮುದಾಯದ ಗಂಡಸು ಇನ್ನೊಂದು ಸಮುದಾಯದ ದಂಪತಿಯ ನಡುವೆ ಹೋದರೆ ಗಂಡ ಹೆಂಡಿರ ಸಂಗತಿ ಕ್ಷಣದಲ್ಲಿ ಕೋಮು ಸಂಗತಿಯಾಗುವ ಭಯ ಸುಳ್ಳಲ್ಲ. ಹಾಗೆಂದು ಸುಮ್ಮನಿರುವುದು ಪರಿಹಾರವಾಗದು. ಅಂಥಲ್ಲಿ ಮುಂದೆ ಹೋಗಬೇಕಾದವರು ಹೆಂಗಸರು ಎಂಬುದು ನನ್ನ ಅಭಿಪ್ರಾಯ. ಮೀನು ಮಾರುವವಳು, ಸ್ವಸಹಾಯ ಸಂಘದವಳು, ಬುರ್ಖಾ ತೊಟ್ಟ ಅಜ್ಜಿ, ಯಾರೇ ಆಗಲಿ, "ಬಾ ಮಗಾ ಇತ್ಲಾಗೆ" ಎಂದು ಕೈ ಹಿಡಿದು ಕರೆದರೆ ಅದಕ್ಕೆ ಕೋಮಿನ ಬಣ್ಣ ಹಚ್ಚುವುದು ಕಷ್ಟ. ಅವರಿಗೆ ಮಾತು ಅರ್ಥವಾಗುವ ಸಾಧ್ಯತೆಯೂ ಹೆಚ್ಚು: ನವಾಯತಿ, ಕೊಂಕಣಿ, ಉರ್ದು, ಕನ್ನಡ ಎಲ್ಲ ಬೆರೆತ ಈ ಕರಾವಳಿ ಪಟ್ಟಿಯಲ್ಲಿ ಸಂತೆಯ ಹೆಂಗಸರಿಗೆ ಎರಡು ಮೂರು ಭಾಷೆ ಸಲೀಸು.

ರಕ್ಷಣಾಧಿಕಾರಿಗೆ ಮಾಹಿತಿ ಕೊಡಲು ಅವಳ ಒಪ್ಪಿಗೆ ಇರಲೇಬೇಕೆಂದು 4ನೇ ಕಲಂ ಹೇಳುವುದಿಲ್ಲ. ಆದರೂ ಸಾಧ್ಯವಿದ್ದಲ್ಲಿ ಅವಳನ್ನು ಕೇಳಿಯೇ ಹೇಳಬೇಕು, ಯಾಕೆಂದರೆ ಮುಂದೆ ಆ ಮನೆಯಲ್ಲಿ ಬದುಕಬೇಕೋ ಬಿಡಬೇಕೋ ಎಂದು ನಿರ್ಧರಿಸಬೇಕಾದವಳು ಅವಳು. ಹೇಳುವಾಗ ಊಹೆ ಬೇಡ. ದಿನ, ಹೊತ್ತು, ಜಾಗ, ಯಾವ ಕೈಯಿಂದ ಎಲ್ಲಿಗೆ ಹೊಡೆದ, ಜೊತೆಗೆ ಮಕ್ಕಳಿದ್ದರೇ, ಯಾರು ಯಾರು ನೋಡಿದರು ಎಂಬಷ್ಟು ಸಾಕು. ಇಂದು ಅವಳು ಬೇಡವೆಂದರೂ, ಮುಂದೊಂದು ದಿನ ಅವಳೇ ಭಟ್ಕಳದ ನ್ಯಾಯಾಲಯದಲ್ಲಿ ರಕ್ಷಣಾ ಆದೇಶ ಕೇಳಿದಾಗ ಸಾಕ್ಷಿಯಾಗಿ ನಿಲ್ಲುವುದು ಈ ವಿವರಗಳೇ.