ಎಂಟು ಎಳಿ ವೈರು

ಹೋದ ತಿಂಗಳ ನಮ್ಮ ಕೆಳಗಿನ ಖೋಲಿಯ ಕಂಪ್ಯೂಟರಿನ ಡಿಸ್ಕು ಟಿಕ್ ಟಿಕ್ ಅನ್ನಲಿಕ್ಕೆ ಹತ್ತಿತು. ಅದರಾಗ ತೀರಿಹೋದ ನಮ್ಮಪ್ಪನ ಫೋಟೋ, ಧ್ವನಿ ಎಲ್ಲಾ ಕೂಡಿ 200 ಜಿಬಿ. ಅದು ಸಾಯೂದರೊಳಗ ಮ್ಯಾಲಿನ ಕಂಪ್ಯೂಟರಿಗೆ ಕಾಪಿ ಮಾಡಬೇಕಿತ್ತು. ನಡುವ ವೈರ್ ಅದ, ಆದ್ರ ಸೆಕೆಂಡಿಗೆ 11 ಎಂಬಿ ದಾಟವಲ್ದು. ಐದು ತಾಸು ಬೇಕು! “ಅವ್ವಾ, ಹೊಸಾ ಕಂಪ್ಯೂಟರ್ ತರೋಣ” ಅಂದ ಮಗ. ತಡಿಯಪ್ಪಾ, ಈ ವೈರಿಗೂ ಒಂದು ಕಥಿ ಅದ ಅಂದೆ.

1973ರ ಮೇ 22ಕ್ಕ ಕ್ಯಾಲಿಫೋರ್ನಿಯಾದಾಗ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಾಗಿದ್ದ ಬಾಬ್ ಮೆಟ್ಕಾಫ್ ಒಂದು ಟಿಪ್ಪಣಿ ಬರದ್ರು. ‘ಈಥರ್ನೆಟ್’ ಅನ್ನೋ ಹೆಸರು ಅದರಾಗಿಂದ ಬಂತು. ಬೆಳಕು ಹರೀಲಿಕ್ಕೆ ಜಗತ್ತಿನ ತುಂಬ ‘ಈಥರ್’ ಅದ ಅಂತ ಹಳೇ ವಿಜ್ಞಾನಿಗಳು ನಂಬಿದ್ರು. 1887ರಾಗ ಮೈಕೆಲ್ಸನ್, ಮೋರ್ಲಿ ಹುಡುಕಿದ್ರ ಅದರ ಸುಳಿವೇ ಸಿಗಲಿಲ್ಲ. ಆ ಹೆಸರು ತಾಮ್ರದ ವೈರಿಗೆ ಉಳೀತು ನೋಡ್ರಿ.

ಆಗ ಓಣಿಗೆಲ್ಲಾ ಒಂದೇ ನಳ ಇದ್ದಂಗ, ಎಲ್ಲಾ ಕಂಪ್ಯೂಟರಿಗೂ ಒಂದೇ ಕೇಬಲ್. ಒಬ್ಬರು ಮಾತಾಡೂ ಮುಂದ ಉಳಿದವರು ಸುಮ್ಮನಿರಬೇಕು. ಇಬ್ಬರ ಮಾತು ಡಿಕ್ಕಿ ಹೊಡದ್ರ ಇಬ್ಬರೂ ತಡದು ಮತ್ತ ಶುರು ಮಾಡಬೇಕು. ವೇಗ ಸೆಕೆಂಡಿಗೆ 2.94 ಮೆಗಾಬಿಟ್.

1990ಕ್ಕ ಟೆಲಿಫೋನ್ ತಂತಿಯಂಗ ಜೋಡಿ ಜೋಡಿ ಹೊಸೆದ ಎಳಿಗಳ ಮ್ಯಾಲ 10 ಮೆಗಾಬಿಟ್ ಓಡಿತು. 1995ಕ್ಕ 100, 1999ಕ್ಕ 1000. ಗುಟ್ಟು ಇಲ್ಲೇ ಅದ. ಈಗಿನ ಕೇಬಲ್ಲಿನ ಎಂಟು ಎಳಿಯಾಗ 100ಕ್ಕ ನಾಕೇ ಸಾಕು, 1000ಕ್ಕ ಎಂಟೂ ಬೇಕು. ಉಳಿದ ನಾಕರಾಗ ಒಂದು ಹರದ್ರ ಭಾಳ ಕಾರ್ಡುಗಳು ತಕರಾರು ಮಾಡೂದಿಲ್ಲ, ಸುಮ್ಮನ 100ಕ್ಕ ಇಳದು ಬಿಡತಾವ. ವೈರ್ ಕೆಟ್ಟದ ಅಂತ ನಮಗ ಗೊತ್ತೇ ಆಗೂದಿಲ್ಲ.

ಎಂಟು ಬಿಟ್ಟಿಗೆ ಒಂದು ಬೈಟು. 100ನ್ನ ಎಂಟರಿಂದ ಭಾಗಿಸಿದ್ರ 12.5, ಸ್ವಲ್ಪ ಖರ್ಚು ಕಳದ್ರ ನಮ್ಮ 11 ಬಂತಲ್ಲ! ಸೆಟ್ಟಿಂಗ್ಸ್ ತಗದು ನೋಡಿದ್ರ ಲಿಂಕ್ ಸ್ಪೀಡ್ 100 ಅಂತನ ಇತ್ತು. ವೈರ್ ಹಿಡಕೊಂಡು ಹೊಂಟೆ. ಬಾಗಲ ಸಂದಿಯಾಗ ಸಿಕ್ಕು ಅಪ್ಪಚ್ಚಿ ಆಗಿತ್ತು. ಬ್ಯಾರೆ ಕೇಬಲ್ ಹಾಕಿದ ಕೂಡಲೇ ಲಿಂಕ್ 1000 ಆತು, ಮುಕ್ಕಾಲು ತಾಸಿನೊಳಗ ಎಲ್ಲಾ ಮ್ಯಾಲ ಹೋತು.

ಅವತ್ತ ಸಂಜೀಕೆ ಆ ಡಿಸ್ಕು ನಿಂತೇ ಹೋತು. ಐದು ತಾಸು ಕಾಯ್ಕೋತ ಕೂತಿದ್ರ ಅರ್ಧಾ ಅಪ್ಪ ಅಲ್ಲೇ ಉಳೀತಿದ್ದ. ನಿಮ್ಮನ್ಯಾಗೂ 11ಕ್ಕ ನಿಂತ್ರ, ಕಂಪ್ಯೂಟರಿಗೆ ಬೈಯೂಕಿಂತ ಮೊದಲ ಬಾಗಲ ಸಂದಿ ನೋಡ್ರಿ.