ಒರಿಜಿನ್ ಹೆಡ್‌ನ ಇಪ್ಪತ್ತು ವರ್ಷ

ಸೂರತ್‌ನ ಕತಾರ್‌ಗಾಮ್ ದರವಾಜಾದ ಹತ್ತಿರ ಹಳೆಯ ಇಂಗ್ಲಿಷ್ ಗೋರಿಗಳಿವೆ. ಅವುಗಳಲ್ಲಿ ಎತ್ತರದ್ದು ಆಕ್ಸೆಂಡನ್ ಸೋದರರದು. ಅವರಲ್ಲೊಬ್ಬನಾದ, ಇಲ್ಲಿನ ಕೋಠಿಯ ಮುಖ್ಯಸ್ಥ ಜಾರ್ಜ್ ಆಕ್ಸೆಂಡನ್ 1669ರಲ್ಲಿ ಇಲ್ಲೇ ತೀರಿಕೊಂಡಾಗ ಪಶ್ಚಿಮ ತೀರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾರುಬಾರೆಲ್ಲ ಸೂರತ್‌ನಿಂದಲೇ ನಡೆಯುತ್ತಿತ್ತು. ಮುಂಬಯಿ ವರ್ಷಕ್ಕೆ 10 ಪೌಂಡ್ ಬಾಡಿಗೆಯ ಮೇಲೆ ಕಂಪನಿಯ ಕೈಗೆ ಬಂದದ್ದು ಅದರ ಹಿಂದಿನ ವರ್ಷವಷ್ಟೆ. 1687ರಲ್ಲಿ ಮುಖ್ಯ ಕಚೇರಿಯೇ ಮುಂಬಯಿಗೆ ಎದ್ದುಹೋಯಿತು. ಸೂರತ್‌ನ ಕೋಠಿ ಮುಚ್ಚಲಿಲ್ಲ, ವ್ಯಾಪಾರವೂ ನಿಲ್ಲಲಿಲ್ಲ. ಆದರೆ ಕೊನೆಯ ಮಾತು ಯಾರದು ಎಂದು ಕೇಳುವವರು ಅಂದಿನಿಂದ ಬೇರೆ ಊರಿನ ಕಡೆ ನೋಡಬೇಕಾಯಿತು.

ನಾನು ಧಾರವಾಡದವನು. ಸೂರತ್‌ನ ಸೀರೆ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. 1687ರ ಈ ಸ್ಥಳಾಂತರ ನನ್ನನ್ನು ಹಿಡಿದು ನಿಲ್ಲಿಸಲು ನನ್ನ ಕಸುಬೇ ಕಾರಣ. ನಾವು ದಿನವೂ ಬಳಸುವ ಗಿಟ್‌ಗೂ ಇದೇ ಪ್ರಶ್ನೆ ಎದುರಾಗುತ್ತದೆ: ದೂರದ ಸರ್ವರ್‌ನಲ್ಲಿರುವ ರೆಪೊಸಿಟರಿಯ ಮುಖ್ಯ ಬ್ರ್ಯಾಂಚ್ ಈಗ ಯಾವುದು, ಅದು ಬದಲಾದರೆ ನನ್ನ ಲ್ಯಾಪ್‌ಟಾಪಿಗೆ ಯಾರು ಹೇಳಬೇಕು?

ಹಿಂದೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಸಿವಿಎಸ್‌ನಲ್ಲಿ ಇದ್ದದ್ದು ಒಂದೇ ಟ್ರಂಕ್, ಅದರ ತುದಿಯೇ ಹೆಡ್. 2004ರಲ್ಲಿ 1.0 ಆವೃತ್ತಿ ಕಂಡ ಸಬ್‌ವರ್ಷನ್‌ನಲ್ಲಿ ಟ್ರಂಕ್ ಎನ್ನುವುದು ಎಲ್ಲರೂ ಒಪ್ಪಿಕೊಂಡ ಒಂದು ಫೋಲ್ಡರಿನ ಹೆಸರು ಮಾತ್ರ. 2005ರಲ್ಲಿ ಬಂದ ಮರ್ಕ್ಯೂರಿಯಲ್ ತನ್ನ ಮುಖ್ಯ ಬ್ರ್ಯಾಂಚಿಗೆ ಡಿಫಾಲ್ಟ್ ಎಂದೇ ಹೆಸರಿಟ್ಟು ಚರ್ಚೆ ಮುಗಿಸಿತು.

ಲೈನಸ್ ಟೊರ್ವಾಲ್ಡ್ಸ್ ಅದೇ 2005ರ ಏಪ್ರಿಲ್‌ನಲ್ಲಿ ಶುರುಮಾಡಿದ ಗಿಟ್ ಮಾತ್ರ ಬೇರೆ ದಾರಿ ಹಿಡಿಯಿತು. ಅದರಲ್ಲಿ ಬ್ರ್ಯಾಂಚುಗಳೆಲ್ಲ ಸಮಾನ. ಯಾವುದು ಮುಖ್ಯ ಎಂದು ಹೇಳುವುದು ಹೆಡ್ ಎಂಬ ಪುಟ್ಟ ಫೈಲು. ಅದರಲ್ಲಿರುವುದು ಇಂಥ ಬ್ರ್ಯಾಂಚಿನ ಕಡೆ ನೋಡು ಎನ್ನುವ ಒಂದೇ ಸಾಲು. ಸರ್ವರ್‌ನ ಹೆಡ್ ಯಾವ ಬ್ರ್ಯಾಂಚನ್ನು ತೋರಿಸುತ್ತದೋ ಅದೇ ಆ ರೆಪೊಸಿಟರಿಯ ಡಿಫಾಲ್ಟ್. ನೀವು ಕ್ಲೋನ್ ಮಾಡಿದಾಗ ಗಿಟ್ ಅದನ್ನು ನೋಡಿಕೊಂಡು ನಿಮ್ಮ ಕಡೆ ಒರಿಜಿನ್/ಹೆಡ್ ಎಂಬ ಗುರುತು ಬರೆದಿಡುತ್ತದೆ. 2007ರ 1.5 ಆವೃತ್ತಿಯಿಂದ ದೂರದ ಬ್ರ್ಯಾಂಚುಗಳಿಗೆ ಪ್ರತ್ಯೇಕ ಜಾಗ ಕೊಡುವುದೇ ರೂಢಿಯಾಗಿ ಈ ಏರ್ಪಾಡು ನೆಲೆನಿಂತಿತು.

ನೋಡಿಕೊಂಡು ಎಂದೆ, ಆದರೆ ಬಹಳ ಕಾಲ ಅದು ಬರೀ ಊಹೆಯಾಗಿತ್ತು. ಹೆಡ್ ಯಾವ ಕಮಿಟ್‌ನಲ್ಲಿದೆ ಎಂದು ಸರ್ವರ್ ಹೇಳುತ್ತಿತ್ತು, ಯಾವ ಬ್ರ್ಯಾಂಚಿನ ಮೂಲಕ ಅಲ್ಲಿದೆ ಎಂದು ಹೇಳುತ್ತಿರಲಿಲ್ಲ. ಅದೇ ಕಮಿಟ್‌ನಲ್ಲಿ ನಿಂತಿರುವ ಬ್ರ್ಯಾಂಚನ್ನು ಕ್ಲೋನ್ ತಾನೇ ಹುಡುಕಬೇಕಿತ್ತು. ಎರಡು ಬ್ರ್ಯಾಂಚುಗಳು ಒಂದೇ ಕಮಿಟ್‌ನಲ್ಲಿದ್ದು ಅವುಗಳಲ್ಲೊಂದು ಮಾಸ್ಟರ್ ಆಗಿದ್ದರೆ ಗಿಟ್ ಮಾಸ್ಟರನ್ನೇ ಆರಿಸುತ್ತಿತ್ತು. ಹೆಚ್ಚಿನವರ ಮುಖ್ಯ ಬ್ರ್ಯಾಂಚ್ ಮಾಸ್ಟರೇ ಆಗಿದ್ದರಿಂದ ಊಹೆ ತಪ್ಪಿದ್ದು ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಹೆಡ್ ತೋರಿಸುವ ಬ್ರ್ಯಾಂಚಿನ ಹೆಸರನ್ನು ಸರ್ವರ್ ಬಾಯಿಬಿಟ್ಟು ಹೇಳತೊಡಗಿದ್ದು 2013ರ ಕೊನೆಗೆ, 1.8.4.3ರಲ್ಲಿ.

ಕ್ಲೋನ್ ಆದಮೇಲೆ ಏನು? ಏನೂ ಇಲ್ಲ. ಫೆಚ್ ಎಷ್ಟು ಸಲ ಮಾಡಿದರೂ ಹೊಸ ಕಮಿಟ್‌ಗಳು ಬರುತ್ತಿದ್ದವು, ಒರಿಜಿನ್/ಹೆಡ್ ಮಾತ್ರ ಕ್ಲೋನ್ ಮಾಡಿದ ದಿನದ ಕಡೆಗೇ ಮುಖ ಮಾಡಿ ನಿಂತಿರುತ್ತಿತ್ತು. ಸರಿಪಡಿಸಲು 2009ರಲ್ಲಿ ರಿಮೋಟ್ ಸೆಟ್-ಹೆಡ್ ಎಂಬ ಆದೇಶ ಬಂತು. ಆದರೆ ಅದನ್ನು ನೆನಪಿಟ್ಟು ಕೊಡಬೇಕಾದವರು ನಾವೇ.

2020ರಲ್ಲಿ ಇದರ ಬಿಸಿ ಎಲ್ಲರಿಗೂ ತಟ್ಟಿತು. ಮಾಸ್ಟರ್ ಎಂಬ ಹೆಸರಿಗೆ ಅಮೆರಿಕದಲ್ಲಿ ಆಕ್ಷೇಪ ಎದ್ದ ಮೇಲೆ, ಹೊಸ ರೆಪೊಸಿಟರಿಯ ಮೊದಲ ಬ್ರ್ಯಾಂಚಿಗೆ ಬೇಕಾದ ಹೆಸರಿಡುವ ಸೌಲಭ್ಯ ಜುಲೈನಲ್ಲಿ, ಗಿಟ್ 2.28ರಲ್ಲಿ ಬಂತು. ಅಕ್ಟೋಬರ್ 1ರಿಂದ ಗಿಟ್‌ಹಬ್ ಹೊಸ ರೆಪೊಸಿಟರಿಗಳಿಗೆ ಮೇನ್ ಎಂದು ಹೆಸರಿಡತೊಡಗಿತು. ಹಳೆಯ ರೆಪೊಸಿಟರಿಗಳನ್ನೂ ಜನ ಒಂದೊಂದಾಗಿ ಬದಲಿಸಿದರು. ಸರ್ವರ್‌ಗಳು ಬದಲಾದವು, ಲಕ್ಷಾಂತರ ಲ್ಯಾಪ್‌ಟಾಪುಗಳು ಬದಲಾಗಲಿಲ್ಲ.

ನಮ್ಮ ಕಚೇರಿಯಲ್ಲೂ ಹಾಗೇ ಆಯಿತು. ನಾವು ಬಳಸುತ್ತಿದ್ದ ಹೊರಗಿನ ಲೈಬ್ರರಿಯೊಂದು ಮೇನ್‌ಗೆ ಹೋಯಿತು, ಹಳೆಯ ಮಾಸ್ಟರ್ ಹಾಗೇ ಉಳಿದಿತ್ತು. ರಾತ್ರಿಯ ಬಿಲ್ಡ್ ಒರಿಜಿನ್/ಹೆಡ್ ನೋಡಿಕೊಂಡು ನಡೆಯುತ್ತಿದ್ದುದರಿಂದ ಪ್ರತಿ ರಾತ್ರಿ ಹಳೆಯ ಕೋಡನ್ನೇ ಎಳೆದು ತರುತ್ತಿತ್ತು. ‘ಭಾಯಿ, ಇವರು ಕೆಲಸ ಬಿಟ್ಟೇ ಬಿಟ್ಟರಾ?’ ಎಂದು ರಾಂದೇರ್‌ನಿಂದ ಬರುವ ಸಹೋದ್ಯೋಗಿ ಕೇಳಿದ. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಇರಲಿಲ್ಲ. ಮಾಸ್ಟರನ್ನು ಅಳಿಸಿಬಿಟ್ಟಿದ್ದರೆ ಪ್ರೂನ್ ಮಾಡುವಾಗಲಾದರೂ ಗುರುತು ಗಾಳಿಯಲ್ಲಿ ತೂಗುತ್ತಿದೆ ಎಂದು ಗಿಟ್ ಹೇಳುತ್ತಿತ್ತು. ಬದುಕಿಯೇ ಇರುವ ಹಳೆಯ ಬ್ರ್ಯಾಂಚ್ ಅಷ್ಟನ್ನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಅಪಾಯ ಹೆಚ್ಚು ಇರುವುದು ಅದರಲ್ಲೇ.

2025ರ ಜನವರಿಯ ಗಿಟ್ 2.48 ಈ ಮೌನವನ್ನು ಅರ್ಧ ಮುರಿಯಿತು. ಒರಿಜಿನ್/ಹೆಡ್ ಇಲ್ಲದಿದ್ದರೆ ಈಗ ಫೆಚ್ ತಾನೇ ಅದನ್ನು ಬರೆಯುತ್ತದೆ. ಮೊದಲೇ ಇದ್ದರೆ ಮುಟ್ಟುವುದಿಲ್ಲ. ಫಾಲೋ-ರಿಮೋಟ್-ಹೆಡ್ ಎಂಬ ಹೊಸ ಸೆಟ್ಟಿಂಗ್‌ನಲ್ಲಿ ‘ವಾರ್ನ್’ ಎಂದು ಬರೆದರೆ ಸರ್ವರ್ ಬೇರೆ ಕಡೆ ತೋರಿಸುತ್ತಿದೆ ಎಂದು ಎಚ್ಚರಿಸುತ್ತದೆ, ‘ಆಲ್ವೇಸ್’ ಎಂದು ಬರೆದರೆ ಕೇಳದೆಯೇ ಬದಲಿಸುತ್ತದೆ. ಬದಲಿಸದೆ ಬಿಡುವುದನ್ನೇ ರೂಢಿಯಾಗಿ ಇಟ್ಟುಕೊಂಡದ್ದು ಸರಿ. ಕೆಲವರು ಒರಿಜಿನ್/ಹೆಡ್ ಅನ್ನು ಬೇಕೆಂದೇ ತಮ್ಮ ರಿಲೀಸ್ ಬ್ರ್ಯಾಂಚಿಗೆ ತಿರುಗಿಸಿರುತ್ತಾರೆ, ಅವರ ಆಯ್ಕೆಯನ್ನು ಹೇಳದೆ ಅಳಿಸಬಾರದು. ಆದರೆ ಎಚ್ಚರಿಕೆಯನ್ನೂ ನಾವೇ ಕೇಳಿ ಪಡೆಯಬೇಕೆಂಬುದನ್ನು ನಾನು ಒಪ್ಪಲಾರೆ. ಅದು ಮೊದಲ ದಿನದಿಂದಲೇ ಇರಬೇಕಿತ್ತು.

ನಿಮ್ಮ ಡಿಸ್ಕಿನಲ್ಲಿ 2020ಕ್ಕಿಂತ ಮೊದಲಿನ ಕ್ಲೋನ್‌ಗಳಿದ್ದರೆ, ಅದರಲ್ಲೂ ಸ್ಕ್ರಿಪ್ಟುಗಳು ಅವನ್ನು ನಂಬಿ ಓಡುತ್ತಿದ್ದರೆ, ಇವತ್ತೇ ಒಂದೊಂದರಲ್ಲೂ ‘ಗಿಟ್ ರಿಮೋಟ್ ಸೆಟ್-ಹೆಡ್ ಒರಿಜಿನ್ --ಆಟೋ’ ಕೊಟ್ಟು ನೋಡಿ.